ಜ್ವರವಿಲ್ಲದ ಸೋಂಕು: ಡಯಾಲಿಸಿಸ್ ರೋಗಿಗಳಲ್ಲಿ ಚಿತ್ರಶೋಧನೆಯ ಇತಿಹಾಸ

ದೇಹದೊಳಗೆ ಸೋಂಕು ಹೊಕ್ಕರೆ ಜ್ವರ ಬರುವುದೆಂಬುದು ವೈದ್ಯಶಾಸ್ತ್ರದ ಬಹು ಪ್ರಾಚೀನವಾದ ನಂಬಿಕೆ. ಮೂತ್ರಪಿಂಡಗಳು ಕೆಟ್ಟು ಯಂತ್ರದ ಆಶ್ರಯದಿಂದ ಬದುಕಿರುವ ರೋಗಿಯಲ್ಲಿ ಈ ನಂಬಿಕೆ ಅನೇಕ ವೇಳೆ ಸುಳ್ಳಾಗುತ್ತದೆ. ರಕ್ತದಲ್ಲಿ ಉಳಿದ ಕಲ್ಮಷಗಳಿಂದ ಅವನ ರಕ್ಷಣಾಶಕ್ತಿ ಕುಗ್ಗಿರುತ್ತದೆ. ದೇಹದ ಸಹಜವಾದ ಉಷ್ಣವೇ ಇತರರಿಗಿಂತ ತುಸು ಕಡಿಮೆಯಿರುವುದುಂಟು. ಒಳಗೆ ಕೀವು ಕಟ್ಟಿದ್ದರೂ ಮೈ ಬಿಸಿಯಾಗದು. ಇಂಥ ಸೋಂಕನ್ನು ಕಣ್ಣಿಗೆ ಕಾಣುವಂತೆ ಮಾಡಲು ನಡೆದ ಪ್ರಯತ್ನಗಳೇ ಈ ಲೇಖನದ ವಿಷಯ.

ಹಾಲೆಂಡಿನ ಕಾಂಪೆನ್ ಪಟ್ಟಣದಲ್ಲಿ ವಿಲೆಂ ಕೋಲ್ಫರು ೧೯೪೩ರಲ್ಲಿ ತಮ್ಮ ಯಂತ್ರವನ್ನು ರೋಗಿಗಳ ಮೇಲೆ ಪ್ರಯೋಗಿಸಿದಾಗ ಈ ಪ್ರಶ್ನೆ ಎದ್ದಿರಲಿಲ್ಲ; ಆಗಿನ ಚಿಕಿತ್ಸೆ ಕೆಲವೇ ದಿನಗಳದು. ೧೯೬೦ರಲ್ಲಿ ಸಿಯಾಟಲ್ ನಗರದ ಬೆಲ್ಡಿಂಗ್ ಸ್ಕ್ರಿಬ್ನರರು ರೋಗಿಯ ತೋಳಿನಲ್ಲಿ ಟೆಫ್ಲಾನ್ ನಳಿಗೆಯನ್ನು ಶಾಶ್ವತವಾಗಿ ನೆಲೆಗೊಳಿಸಿದರು. ಅವರ ಮೊದಲ ರೋಗಿ ಹನ್ನೊಂದು ವರ್ಷ ಬದುಕಿದನು. ೧೯೬೬ರಲ್ಲಿ ಬ್ರೆಷಿಯಾ, ಚಿಮಿನೋ ಮೊದಲಾದವರು ಅಪಧಮನಿಯನ್ನೂ ಅಭಿಧಮನಿಯನ್ನೂ ನೇರವಾಗಿ ಜೋಡಿಸುವ ಕ್ರಮವನ್ನು ಪ್ರಕಟಿಸಿದರು. ರಕ್ತನಾಳಗಳು ದುರ್ಬಲವಾದವರಿಗೆ ಚರ್ಮದಡಿ ಕೃತಕ ನಾಳವನ್ನು ಹುದುಗಿಸುವುದೂ ರೂಢಿಗೆ ಬಂದಿತು. ಅದರಲ್ಲಿ ರಕ್ತ ಹೆಪ್ಪುಗಟ್ಟಿದರೆ ಶಸ್ತ್ರವೈದ್ಯನು ಅದನ್ನು ಅಲ್ಲಿಯೇ ಬಿಟ್ಟು ಬೇರೆಡೆ ಹೊಸದನ್ನು ಹಾಕುವನು. ಹೀಗೆ ಬಿಟ್ಟ ನಾಳದ ಯೋಚನೆ ಬಹುಕಾಲ ಯಾರಿಗೂ ಇರಲಿಲ್ಲ.

ರಾಂಟ್‌ಗೆನ್ನರು ೧೮೯೫ರಲ್ಲಿ ಕಂಡುಹಿಡಿದ ಕ್ಷ-ಕಿರಣ ಆಕಾರವನ್ನು ತೋರಿಸಬಲ್ಲುದು. ಸೋಂಕು ಎಲುಬನ್ನು ತಿಂದ ಮೇಲೆಯೇ ಅದರ ಸಾಕ್ಷ್ಯ ದೊರೆಯುವುದು. ಓಕ್‌ರಿಜ್‌ನ ಎಡ್ವರ್ಡ್ಸ್ ಮತ್ತು ಹೇಯ್ಸ್ ೧೯೬೯ರಲ್ಲಿ ಅರ್ಬುದಶೋಧನೆಗೆ ವಿಕಿರಣಶೀಲ ಗ್ಯಾಲಿಯಮ್ಮನ್ನು ಬಳಸಿದರು. ಅದು ಉರಿಯೂತದ ಎಡೆಗಳಲ್ಲಿಯೂ ಸೇರುವುದೆಂದು ಬೇಗನೆ ತಿಳಿಯಿತು. ಆದರೆ ಕರುಳಿನಲ್ಲಿಯೂ ಅದು ನಿಲ್ಲುವುದರಿಂದ ಹೊಟ್ಟೆಯ ಚಿತ್ರ ಮಸುಕಾಗುತ್ತಿತ್ತು. ಭಾರತೀಯ ಮೂಲದ ಮ್ಯಾಥ್ಯೂ ಠಾಕೂರರೂ ಅವರ ಸಂಗಡಿಗರೂ ೧೯೭೬-೭೭ರ ಸುಮಾರಿಗೆ ರೂಪಿಸಿದ ಉಪಾಯ ಹೆಚ್ಚು ಚತುರವಾದುದು: ರೋಗಿಯದೇ ಬಿಳಿ ರಕ್ತಕಣಗಳಿಗೆ ಇಂಡಿಯಮ್-೧೧೧ ಅಂಟಿಸಿ ಮರಳಿ ರಕ್ತಕ್ಕೆ ಬಿಡುವುದು, ಅವು ಎಲ್ಲಿ ಗುಂಪುಗೂಡುವುವೆಂದು ಹೊರಗಿನಿಂದ ನೋಡುವುದು. ಕಾವಲುಗಾರರ ಬೆನ್ನುಹತ್ತಿ ಕಳ್ಳನ ಬಿಡಾರವನ್ನು ಕಾಣುವಂತೆ ಇದು.

ಈ ಉಪಾಯದ ನಿಜವಾದ ಬೆಲೆ ತಿಳಿದುದು ೧೯೯೮ರಲ್ಲಿ. ಅಮೆರಿಕದ ವೈದ್ಯರಾದ ಅಯೂಸ್ ಮತ್ತು ಶೇಖ್-ಹಮದ್, ಹೆಪ್ಪುಗಟ್ಟಿ ಕೈಬಿಟ್ಟ ಕೃತಕ ನಾಳಗಳನ್ನು ಇಂಡಿಯಮ್ ಚಿತ್ರದಿಂದ ಪರೀಕ್ಷಿಸಿದರು. ಚರ್ಮ ಕೆಂಪಾಗಿರಲಿಲ್ಲ, ನೋವಿರಲಿಲ್ಲ. ಆದರೂ ಹಲವರಲ್ಲಿ ಬಿಳಿ ಕಣಗಳು ಆ ನಾಳದ ಸುತ್ತ ನೆರೆದಿದ್ದವು. ಹೊರತೆಗೆದಾಗ ಸೋಂಕು ದೃಢಪಟ್ಟಿತು. ಜೀವ ಉಳಿಸಿದ ನಾಳವೇ ಸದ್ದಿಲ್ಲದೆ ಜೀವವನ್ನು ಸವೆಸುತ್ತಿತ್ತೆಂಬ ಈ ಶೋಧವನ್ನು ನಾನು ಈ ಇತಿಹಾಸದ ಮುಖ್ಯ ಘಟ್ಟವೆಂದು ಭಾವಿಸುತ್ತೇನೆ. ಹಾಗೆಂದು ಎಲ್ಲ ಹಳೆಯ ನಾಳಗಳನ್ನೂ ಕಿತ್ತುಹಾಕುವುದು ವಿವೇಕವಲ್ಲ. ಬಳಲಿದ ರೋಗಿಗೆ ಆ ಶಸ್ತ್ರಕ್ರಿಯೆಯೂ ಅಪಾಯವೇ.

ಚಿತ್ರಶೋಧನೆಯೂ ನಿರಪಾಯವಾಗಿರಲಿಲ್ಲ. ಅಯೊಡೀನ್ ದ್ರವಕ್ಕಿಂತ ಸುರಕ್ಷಿತವೆಂದು ಕಾಂತೀಯ ಚಿತ್ರಣದಲ್ಲಿ ಗ್ಯಾಡೊಲಿನಿಯಮ್ ಬಳಸುತ್ತಿದ್ದರು. ೧೯೯೭ರಿಂದ ಕೆಲವು ಮೂತ್ರಪಿಂಡರೋಗಿಗಳ ಚರ್ಮ ಮರದಂತೆ ಬಿರುಸಾಗುವುದು ಕಂಡುಬಂದಿತು. ೨೦೦೬ರಲ್ಲಿ ಆಸ್ಟ್ರಿಯದ ಗ್ರೋಬ್ನರರು ಇದಕ್ಕೂ ಗ್ಯಾಡೊಲಿನಿಯಮ್ಮಿಗೂ ಇರುವ ಸಂಬಂಧವನ್ನು ಮೊದಲು ಸೂಚಿಸಿದರು. ಅನಂತರ ಹೆಚ್ಚು ಸ್ಥಿರವಾದ ಸಂಯುಕ್ತಗಳು ಬಂದವು.

೧೯೭೬ರಲ್ಲಿ ಮಿದುಳಿನ ಅಧ್ಯಯನಕ್ಕೆಂದು ಮನುಷ್ಯರಲ್ಲಿ ಮೊದಲು ಬಳಸಿದ ವಿಕಿರಣಶೀಲ ಸಕ್ಕರೆ, ಪೆಟ್ ಯಂತ್ರದೊಡನೆ ಈ ಕ್ಷೇತ್ರಕ್ಕೂ ಕಾಲಿಟ್ಟಿತು. ಉರಿಯೂತದ ಕಣಗಳು ಸಕ್ಕರೆಯನ್ನು ಅತಿಯಾಗಿ ಹೀರುತ್ತವೆ. ಅದಕ್ಕೆ ಮೂತ್ರಪಿಂಡದ ನೆರವು ಬೇಕಿಲ್ಲ. ಬೆನ್ನೆಲುಬಿನ ಮತ್ತು ಮೂತ್ರಪಿಂಡದ ನೀರ್ಗುಳ್ಳೆಗಳ ಸೋಂಕು ಹೀಗೆ ಪತ್ತೆಯಾಗುತ್ತದೆ. ಆದರೆ ಸೋಂಕಿಲ್ಲದ ನಾಳವೂ ತುಸು ಹೊಳೆಯಬಹುದು, ಅರ್ಬುದವೂ ಹೊಳೆಯುತ್ತದೆ. ನಮ್ಮ ದೇಶದ ಡಯಾಲಿಸಿಸ್ ರೋಗಿಗಳಲ್ಲಿ ಕ್ಷಯವು ಶ್ವಾಸಕೋಶವನ್ನು ಬಿಟ್ಟು ದುಗ್ಧಗ್ರಂಥಿಗಳಲ್ಲಿ ಅಡಗುವುದು ಅಪರೂಪವಲ್ಲ. ಅಲ್ಲಿ ಕಂಡ ಹೊಳಪು ಕ್ಷಯವೋ ಅರ್ಬುದವೋ ಎಂಬುದನ್ನು ಇಂದಿಗೂ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿಯೇ ನೋಡಬೇಕಾಗಿದೆ.