ಜೋಗಪ್ಪ ಎಂಬ ಹೆಸರು, ಅವ್ವ ಎಂಬ ಕರೆ

ಕೃಷ್ಣಾ ತೀರದ ಕುಡಚಿಯಿಂದ ರಾಯಬಾಗ, ಅಥಣಿ, ಕಾಗವಾಡ, ಚಿಕ್ಕೋಡಿ, ನಿಪ್ಪಾಣಿಗಳವರೆಗೆ ‘ಜೋಗಪ್ಪ’ ಎಂಬ ಪದವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹುಟ್ಟಿದಾಗ ಗಂಡೆಂದು ಗುರುತಿಸಲ್ಪಟ್ಟು, ಬೆಳೆಯುತ್ತ ತಮ್ಮೊಳಗಿನ ಹೆಣ್ತನವನ್ನು ಕಂಡುಕೊಂಡು, ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು, ಸೀರೆಯುಟ್ಟು ಬಾಳುವವರನ್ನು ಈ ಸೀಮೆ ಬಹುಕಾಲದಿಂದ ಹಾಗೆ ಕರೆಯುತ್ತ ಬಂದಿದೆ. ಅವರ ಶಕ್ತಿಪೀಠವಾದ ಸವದತ್ತಿಯ ಎಲ್ಲಮ್ಮನಗುಡ್ಡ ಇದೇ ಬೆಳಗಾವಿ ಜಿಲ್ಲೆಯಲ್ಲಿದೆ. ಅಥಣಿ ತಾಲ್ಲೂಕಿನ ಕೊಕಟನೂರಿನ ಎಲ್ಲಮ್ಮನ ಜಾತ್ರೆಗೆ ಗಡಿಯಾಚೆಯ ಮಹಾರಾಷ್ಟ್ರದಿಂದಲೂ ಭಕ್ತರು ಬರುತ್ತಾರೆ.

ಯೋಗ ಶಬ್ದದ ತದ್ಭವವಾದ ‘ಜೋಗ’ಕ್ಕೆ ‘ಅಪ್ಪ’ ಸೇರಿ ಈ ಹೆಸರಾಗಿದೆ. ಬಸಪ್ಪ, ಮಲ್ಲಪ್ಪ ಎಂಬಲ್ಲಿರುವಂತೆ ಇಲ್ಲಿಯೂ ಅಪ್ಪ ಎಂಬುದು ಗೌರವದ ಮಾತೇ ಆದರೂ ಅದು ಗಂಡಸಿಗೆ ಸಲ್ಲುವ ಗೌರವ. ಆದರೆ ಹಣೆಗೆ ಭಂಡಾರ ಹಚ್ಚಿ, ಕೊರಳಲ್ಲಿ ಕವಡೆಸರ ತೊಟ್ಟು, ಚೌಡಿಕೆ ನುಡಿಸುತ್ತ ಮಂಗಳವಾರವೋ ಶುಕ್ರವಾರವೋ ಜೋಗ ಬೇಡಲು ಬಂದವರನ್ನು ಮನೆಯ ಹೆಂಗಸರು ‘ಬಾ ಎವ್ವಾ’ ಎಂದು ಎದುರುಗೊಂಡು, ಮೊರದಲ್ಲಿ ಜೋಳ ತಂದು ನೀಡಿ, ಹಣೆಗೆ ಭಂಡಾರ ಹಚ್ಚಿಸಿಕೊಳ್ಳುತ್ತಾರೆ. ಅವರಿಲ್ಲದಾಗ ಅವರ ಕುರಿತು ಆಡುವ ಮಾತಿನಲ್ಲಿ ‘ಅಪ್ಪ’ ಉಳಿದಿದೆ, ಅವರೆದುರಿಗೆ ಆಡುವ ಕರೆಯಲ್ಲಿ ‘ಅವ್ವ’ ಬಂದಿದೆ. ಇವೆರಡರ ನಡುವಿನ ಅಂತರವನ್ನು ಬಹುಶಃ ಯಾವ ನಿಘಂಟೂ ದಾಖಲಿಸುವುದಿಲ್ಲ. ಗೌರವದ ಭಾಷೆ ಎಂದರೇನು ಎಂಬ ಪ್ರಶ್ನೆಗೆ ಮೊದಲ ಉತ್ತರ ಮಾತ್ರ ಅಲ್ಲಿಯೇ ಇದೆ.

ಜೋಗಪ್ಪ ಎಂಬ ಪದಕ್ಕೆ ಗಡಿಯಾಚೆಯ ಮರಾಠಿಯಲ್ಲಿ ‘ಜೋಗತಾ’, ‘ಜೋಗತ್ಯಾ’ ಎಂಬ ರೂಪಗಳಿವೆ. ಗಡಹಿಂಗ್ಲಜ ಸೀಮೆಯ ಲೇಖಕ ರಾಜನ್ ಗವಸ್ ಈ ಬದುಕನ್ನು ಕಾದಂಬರಿಯಾಗಿಸಿದ್ದಾರೆ, 2009ರಲ್ಲಿ ‘ಜೋಗ್ವಾ’ ಎಂಬ ಮರಾಠಿ ಚಲನಚಿತ್ರವೂ ಬಂದಿದೆ. 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು ವ್ಯಕ್ತಿಯ ಲಿಂಗತ್ವವನ್ನು ಆ ವ್ಯಕ್ತಿಯೇ ಹೇಳಿಕೊಳ್ಳಬೇಕೆಂದು ಎತ್ತಿಹಿಡಿದ ನಾಲ್ಸಾ ತೀರ್ಪಿನಲ್ಲಿ ಜೋಗತಾ, ಜೋಗಪ್ಪ ಎಂಬ ಎರಡೂ ಹೆಸರುಗಳು ಕಾಣುತ್ತವೆ. 2019ರಲ್ಲಿ ಸಂಸತ್ತು ಅಂಗೀಕರಿಸಿದ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆಯ ಕಾಯ್ದೆಯ ವ್ಯಾಖ್ಯೆಯೊಳಗೆ ಕಿನ್ನರ, ಹಿಜ್ಡಾ, ಅರವಾಣಿಗಳ ಜೊತೆಗೆ ಸೇರಿದ್ದು ಮರಾಠಿ ರೂಪವಾದ ‘ಜೋಗತಾ’ ಮಾತ್ರ.

ಜೋಗಪ್ಪನವರಿಗೆ ಸಲ್ಲುವ ಗೌರವ ದೇವಿಯ ಹೆಸರಿಗೆ ಕಟ್ಟುಬಿದ್ದಿದೆ ಎಂಬುದನ್ನು ಮರೆಯಲಾಗದು. ಎಲ್ಲಮ್ಮನ ಕೊಡ ಹೊತ್ತು ಬಂದಾಗ ಎವ್ವಾ ಎನಿಸಿಕೊಂಡವರೇ ಕುಡಚಿಯ ನಿಲ್ದಾಣದಲ್ಲಿ ಮಿರಜದ ರೈಲಿಗೆ ಕಾಯುತ್ತ ನಿಂತಾಗ, ಇಲ್ಲವೆ ಕಚೇರಿಯಲ್ಲಿ ಅರ್ಜಿ ಹಿಡಿದು ಸಾಲಿನಲ್ಲಿ ನಿಂತಾಗ ‘ಅದು’ ಆಗಿಬಿಡುತ್ತಾರೆ. ಕನ್ನಡದಲ್ಲಿ ನಾನು, ನೀನು ಎಂಬ ಸರ್ವನಾಮಗಳಿಗೆ ಲಿಂಗಭೇದವಿಲ್ಲ. ಮೂರನೆಯವರ ಮಾತು ಬಂದಾಗ ಮಾತ್ರ ಬಂದನು, ಬಂದಳು, ಬಂದಿತು ಎಂದು ಕ್ರಿಯಾಪದವೇ ಲಿಂಗವನ್ನು ಹೇಳಿಬಿಡುತ್ತದೆ. ‘ಕೂಸು ಬಂತು’ ಎನ್ನುವಲ್ಲಿ ಅಕ್ಕರೆಯಿರುವ ನಪುಂಸಕ ಪ್ರತ್ಯಯವು ಬೆಳೆದು ನಿಂತ ವ್ಯಕ್ತಿಯ ಬೆನ್ನಿಗೆ ‘ಅದು ಬಂತು’ ಎಂದು ಬಿದ್ದಾಗ ಆ ವ್ಯಕ್ತಿಯನ್ನು ಮನುಷ್ಯರ ಸಾಲಿನಿಂದಲೇ ಹೊರಗಿಡುತ್ತದೆ, ಬೈಗುಳಕ್ಕಿಂತ ಆಳವಾದ ಗಾಯವಿದು. ಹೀಗಿದ್ದೂ ‘ಅವರು ಬಂದರು’ ಎಂಬ ರೂಪ ಕನ್ನಡಕ್ಕೆ ಹೊಸದಲ್ಲ. ಬಹುವಚನಕ್ಕೂ ಗೌರವಕ್ಕೂ ಒಂದೇ ಆಗಿ ಬಳಕೆಯಾಗುತ್ತ, ಗಂಡು ಹೆಣ್ಣೆಂಬುದನ್ನು ಕೇಳದೆಯೇ ಎಲ್ಲರಿಗೂ ಸಲ್ಲುವ ಈ ಸರ್ವನಾಮವನ್ನು ಯಾವ ಸಮಿತಿಯೂ ಟಂಕಿಸಬೇಕಾಗಿಲ್ಲ. ತನ್ನನ್ನು ಹೆಣ್ಣೆಂದು ಹೇಳಿಕೊಂಡವರಿಗೆ ಸಲಿಗೆಯಲ್ಲಿ ‘ಆಕಿ’ ಎಂಬುದೂ ಸರಿಯಾದ ಮಾತೇ.

ಕಾಯ್ದೆಯ ಭಾಷೆಯ ತಪ್ಪು ಬಾಯಿಮಾತಿನ ತಪ್ಪಿಗಿಂತ ಹೆಚ್ಚು ದೂರ ಹೋಗುತ್ತದೆ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ಸೇರಿಸಿದ 36ಎ ಕಲಮು, ಷಂಡ ಎಂಬರ್ಥದ ‘ಯೂನಕ್’ ಎಂಬ ಹಳೆಯ ಇಂಗ್ಲಿಷ್ ಪದವನ್ನೇ ಬಳಸಿ, ಆ ಹೆಸರಿನ ಜನರ ಚಟುವಟಿಕೆಗಳನ್ನು ನಿಯಂತ್ರಿಸುವ ಅಧಿಕಾರವನ್ನು ಪೊಲೀಸರಿಗೆ ನೀಡಿತ್ತು. ಸಮುದಾಯದ ಸಂಘಟನೆ ಹೈಕೋರ್ಟಿನ ಮೆಟ್ಟಿಲೇರಿದ ಮೇಲೆ, 2016ರಲ್ಲಿ, ಆ ಪದದ ಜಾಗಕ್ಕೆ ‘ವ್ಯಕ್ತಿಗಳು’ ಎಂಬ ಪದ ಬಂದಿತು. ಈಗ ಸರ್ಕಾರಿ ಕಾಗದಪತ್ರಗಳಲ್ಲಿ ‘ಲಿಂಗತ್ವ ಅಲ್ಪಸಂಖ್ಯಾತರು’ ಎಂಬುದು ರೂಢಿಯಾಗಿದೆ. ಇಲ್ಲಿ ಲಿಂಗವೆಂದರೆ ದೇಹದ ಲಕ್ಷಣ, ಲಿಂಗತ್ವವೆಂದರೆ ವ್ಯಕ್ತಿ ತನ್ನನ್ನು ತಾನು ಅರಿತುಕೊಂಡ ಬಗೆ, ಲೈಂಗಿಕತೆಯೆಂದರೆ ಮನಸ್ಸು ಯಾರತ್ತ ಒಲಿಯುತ್ತದೆ ಎಂಬುದು. ‘ತೃತೀಯ ಲಿಂಗಿ’ ಎಂಬ ಪದ ಪತ್ರಿಕೆಗಳಲ್ಲಿ ಹೇರಳವಾಗಿ ಕಂಡರೂ ಮೊದಲನೆಯದು, ಎರಡನೆಯದು ಯಾವುದೆಂಬ ಎಣಿಕೆಯನ್ನು ಅದು ತನ್ನೊಳಗೇ ಇಟ್ಟುಕೊಂಡಿದೆ.

ಹೆಸರನ್ನು ತಾವೇ ಆರಿಸಿಕೊಂಡವರಲ್ಲಿ ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಎದ್ದು ಕಾಣುತ್ತಾರೆ. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀ ಪಡೆದ ಅವರು ನಾಡಿಗೆ ಪರಿಚಿತರಾದದ್ದು ‘ಜೋಗತಿ’ ಎಂಬ ಸ್ತ್ರೀಲಿಂಗ ರೂಪದಿಂದ. ಹಾಗೆಂದು ಜೋಗಪ್ಪ ಎಂಬುದು ತಪ್ಪಾದ ಪದವಲ್ಲ, ಅದನ್ನು ಅಭಿಮಾನದಿಂದ ಹೇಳಿಕೊಳ್ಳುವವರು ಇದ್ದಾರೆ. ಒಬ್ಬರಿಗೆ ಒಪ್ಪಿದ ಹೆಸರು ಇನ್ನೊಬ್ಬರಿಗೆ ಒಗ್ಗದಿರಬಹುದಾದ್ದರಿಂದ ಅವರನ್ನೇ ಕೇಳಿ ತಿಳಿಯುವುದು, ಅವರು ಬಿಟ್ಟುಬಂದ ಹಳೆಯ ಹೆಸರನ್ನು ಕೆದಕದಿರುವುದು ಕನಿಷ್ಠ ಸೌಜನ್ಯ.

ಎಲ್ಲಮ್ಮನ ಆಸರೆಯಿಲ್ಲದವರ ಪಾಡು ಬೇರೆ. ತನ್ನದೇ ಲಿಂಗದವರತ್ತ ಒಲಿಯುವ ಗಂಡಿಗಾಗಲಿ ಹೆಣ್ಣಿಗಾಗಲಿ ಈ ಭಾಗದ ಮನೆಮಾತಿನಲ್ಲಿ ಗೌರವದ ಹೆಸರು ಸುಲಭವಾಗಿ ಸಿಗುವುದಿಲ್ಲ. ಬಹುಕಾಲ ಅಚ್ಚಿನಲ್ಲಿ ಓಡಾಡಿದ ‘ಸಲಿಂಗಕಾಮಿ’ ಎಂಬ ಪದವು ಪ್ರೀತಿ, ಸಂಗಾತ, ಸಂಸಾರಗಳೆಲ್ಲವನ್ನೂ ಕಾಮವೊಂದಕ್ಕೇ ಇಳಿಸಿಬಿಡುವುದರಿಂದ ಅದರ ಜಾಗದಲ್ಲಿ ‘ಸಲಿಂಗಪ್ರೇಮಿ’, ‘ಸಲಿಂಗಾಕರ್ಷಣೆ’ ಎಂಬ ಪದಗಳನ್ನು ಬಳಸುವವರಿದ್ದಾರೆ. 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯ ಇಂಥ ವಯಸ್ಕರ ಸಮ್ಮತಿಯ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆದುಹಾಕಿದರೂ, ಊರಿನಲ್ಲಿ ಮದುವೆಯ ಮಾತು ಎದ್ದಾಗ ತನ್ನ ಮನಸ್ಸನ್ನು ಅವ್ವನಿಗೆ ಯಾವ ಶಬ್ದದಲ್ಲಿ ತಿಳಿಸಬೇಕೆಂದು ತೋಚದೆ ಮೌನವಾಗುವವರಿಗೆ ತೀರ್ಪಿನ ಭಾಷೆ ಒದಗಿಬರುವುದಿಲ್ಲ. ಅವರಲ್ಲಿ ಹಲವರು ‘ಗೇ’, ‘ಲೆಸ್ಬಿಯನ್’ ಎಂಬ ಪದಗಳನ್ನೇ ಕನ್ನಡದ ವಾಕ್ಯದೊಳಗೆ ಇಟ್ಟು ಮಾತಾಡುವುದಕ್ಕೆ ಇಂಗ್ಲಿಷಿನ ಮೋಹವೇ ಕಾರಣವೆನ್ನುವುದು ಅನ್ಯಾಯ. ಊರವರ ಬಾಯಲ್ಲಿ ಇನ್ನೂ ಬೈಗುಳವಾಗಿ ಸವೆಯದ ಪದಗಳೆಂಬ ಕಾರಣಕ್ಕೇ ಅವು ಅವರಿಗೆ ಹತ್ತಿರವಾಗಿರಬಹುದು.