ಐರ್ಲೆಂಡಿನ ಬಂದಿನಿಯರ ಸಮುದ್ರಯಾನ

ನಮ್ಮ ಜನರು ಅಂಡಮಾನಿನ ನೆನಪಿನಿಂದ ‘ಕರಿನೀರು’ ಎಂದು ಕರೆಯುವ ದ್ವೀಪಾಂತರ ಶಿಕ್ಷೆಯು ಬ್ರಿಟಿಷ್ ಸಾಮ್ರಾಜ್ಯದಲ್ಲಿ ಅದಕ್ಕಿಂತ ಬಹು ಹಿಂದಿನದು. 1788ರಿಂದ 1868ರವರೆಗೆ ಸುಮಾರು 1,62,000 ಕೈದಿಗಳನ್ನು ಆಸ್ಟ್ರೇಲಿಯಾಕ್ಕೆ ಸಾಗಿಸಲಾಯಿತು. ಅವರಲ್ಲಿ ಸುಮಾರು 25,000 ಮಂದಿ ಸ್ತ್ರೀಯರು. ಆ ಸ್ತ್ರೀಯರಲ್ಲಿ ಐರ್ಲೆಂಡಿನವರ ಪಾಲು ದೊಡ್ಡದು. ಬಹುಮಂದಿಯ ಅಪರಾಧವೆಂದರೆ ಉಡುಪನ್ನೋ ಕುರಿಯನ್ನೋ ಕದ್ದದ್ದು. ಇವರು ಕಡಲಿನಲ್ಲಿ ಹೇಗೆ ಬೇನೆ ಬಿದ್ದರು, ಹೇಗೆ ಸತ್ತರು ಎಂಬುದನ್ನು ವಿಚಾರಿಸಿದರೆ, ಅಲೆಗಳಿಗಿಂತ ನೆಲದ ಮೇಲಿನ ಲೆಕ್ಕಾಚಾರವೇ ಹೆಚ್ಚಿನ ಕಾರಣವೆಂದು ತಿಳಿಯುತ್ತದೆ.

ಐರ್ಲೆಂಡಿನಿಂದ ನೇರವಾಗಿ ಹೊರಟ ಮೊದಲ ಕೈದಿಹಡಗು ‘ಕ್ವೀನ್’. 1791ರಲ್ಲಿ ಕಾರ್ಕ್ ಬಂದರನ್ನು ಬಿಟ್ಟ ಅದರಲ್ಲಿ ನೂರಕ್ಕೂ ಹೆಚ್ಚು ಪುರುಷರೊಡನೆ ಇಪ್ಪತ್ತಕ್ಕೂ ಮಿಕ್ಕಿದ ಸ್ತ್ರೀಯರಿದ್ದರು. ಗುತ್ತಿಗೆ ಹಿಡಿದಿದ್ದ ಕಂಪನಿಯೇ ಹಿಂದಿನ ವರ್ಷದ ಎರಡನೆಯ ನೌಕಾಸಮೂಹವನ್ನೂ ಕಳುಹಿಸಿತ್ತು. ಅದರಲ್ಲಿ ಕೈದಿಗಳ ಕಾಲುಭಾಗದಷ್ಟು ಜನ ದಾರಿಯಲ್ಲಿಯೇ ಅಸುನೀಗಿದ್ದರು. ಆಶ್ಚರ್ಯವೇನು? ಆಗ ಹಣ ಸಲ್ಲುತ್ತಿದ್ದುದು ಹತ್ತಿಸಿಕೊಂಡ ತಲೆಗಳಿಗೇ ಹೊರತು ಇಳಿಸಿದ ಜೀವಗಳಿಗಲ್ಲ. ‘ಕ್ವೀನ್’ ಸಿಡ್ನಿಯನ್ನು ಸೇರಿದ ಮೇಲೆ ನಡೆದ ವಿಚಾರಣೆಯಲ್ಲಿ ಕೈದಿಗಳಿಗೆ ಸಲ್ಲಬೇಕಾದ ಆಹಾರವು ಪೂರ್ತಿ ಸಂದಿರಲಿಲ್ಲವೆಂಬುದು ಹೊರಬಿದ್ದಿತು.

ಈ ಸ್ಥಿತಿಯನ್ನು ತಿದ್ದಿದವರಲ್ಲಿ ವಿಲಿಯಂ ರೆಡ್‌ಫರ್ನ್ ಪ್ರಮುಖನು. ಆತನು ಸ್ವತಃ ಕೈದಿಯಾಗಿ ಬಂದಿದ್ದ ವೈದ್ಯನೆಂಬುದು ಗಮನಾರ್ಹ. ಟೈಫಸ್ ಜ್ವರದಿಂದ ತತ್ತರಿಸಿದ ಹಡಗುಗಳನ್ನು ಕುರಿತು 1814ರಲ್ಲಿ ಆತನು ಬರೆದ ವರದಿಯು ಗಾಳಿ, ಶುಚಿತ್ವ, ಕೈದಿಗಳಿಗೆ ಹಡಗಿನ ಮೇಲಟ್ಟದಲ್ಲಿ ಓಡಾಡಲು ಅವಕಾಶ, ನುರಿತ ನೌಕಾವೈದ್ಯ ಇವುಗಳನ್ನು ಕೇಳಿತು. 1815ರಿಂದ ಮೇಲ್ವಿಚಾರಕ ವೈದ್ಯರ ನೇಮಕವಾಯಿತು. ಬದುಕಿಸಿ ಇಳಿಸಿದ ಕೈದಿಗಳ ಲೆಕ್ಕದ ಮೇಲೆ ಅವರಿಗೆ ಪುರಸ್ಕಾರ ಕೊಡುವ ಪದ್ಧತಿಯೂ ಬಂದಿತು. ಸಾವಿನ ಪ್ರಮಾಣ ನೂರಕ್ಕೆ ಒಂದೆರಡರ ಆಸುಪಾಸಿಗೆ ಇಳಿಯಿತು. ಸಮುದ್ರವೇನೂ ಬದಲಾಗಿರಲಿಲ್ಲ, ಹಡಗುಗಳೂ ಹೆಚ್ಚು ಬದಲಾಗಿರಲಿಲ್ಲ.

ಆದರೂ ಸ್ತ್ರೀಯರ ಹಡಗುಗಳ ಕಷ್ಟವೇ ಬೇರೆ. ಮಡಿಲಲ್ಲಿ ಹಸುಗೂಸುಗಳಿದ್ದವು, ಕೆಲವರು ನಡುಗಡಲಿನಲ್ಲಿಯೇ ಹೆತ್ತರು. ನಾಲ್ಕು ತಿಂಗಳ ಕಾಲ ಉಪ್ಪು ಹಾಕಿದ ಮಾಂಸ ಮತ್ತು ಒಣ ಬಿಸ್ಕತ್ತುಗಳನ್ನು ತಿಂದು ವಸಡು ಊದಿ ರಕ್ತ ಒಸರುವ ಸ್ಕರ್ವಿಗೆ ನಿಂಬೆರಸವನ್ನು ಕೊಡುತ್ತಿದ್ದರು. ಆದರೆ ತಾನೇ ಸೊರಗಿದ ತಾಯಿಯ ಎದೆಯಲ್ಲಿ ಹಾಲು ಬತ್ತಿದರೆ ಯಾವ ವೈದ್ಯನು ತಾನೇ ಏನು ಮಾಡಿಯಾನು? ಭೇದಿ, ಕ್ಷಯ, ಜ್ವರಗಳ ನಡುವೆ ಶಿಶುಗಳು ತಾಯಂದಿರಿಗಿಂತ ಬೇಗನೆ ಸೋಲುತ್ತಿದ್ದವು. ಶಿಕ್ಷೆಯಾದದ್ದು ತಾಯಿಗೆ, ಕೂಸು ಕೈದಿಯಲ್ಲವಾದ್ದರಿಂದ ಕೈದಿಗಳ ಮರಣದ ಲೆಕ್ಕಕ್ಕೂ ಅದು ಸೇರಲಿಲ್ಲ. ನೂರಕ್ಕೆ ಒಂದೆರಡು ಎಂಬ ಆ ಹೆಮ್ಮೆಯ ಅಂಕಿಯನ್ನು ಓದುವಾಗ ವಾಚಕರು ಇದನ್ನು ಮರೆಯಬಾರದು.

ಪದ್ಧತಿ ಸುಧಾರಿಸಿದ ಬಳಿಕವೂ 1843ರಲ್ಲಿ ಡಬ್ಲಿನ್ ಕಡೆಯಿಂದ ಹೊರಟ ‘ಈಸ್ಟ್ ಲಂಡನ್’ ಹಡಗಿನಲ್ಲಿ ಅನೇಕ ಸ್ತ್ರೀಯರೂ ಮಕ್ಕಳೂ ಮಡಿದರು. ಅದಕ್ಕೂ ಮುಂಚೆ, 1835ರಲ್ಲಿ, ಕಾರ್ಕಿನಿಂದ ಸುಮಾರು 150 ಬಂದಿನಿಯರನ್ನು ಹೊತ್ತು ಬಂದ ‘ನೀವಾ’ ಹಡಗು ಗುರಿ ಸಮೀಪಿಸಿದಾಗ ಕಿಂಗ್ ದ್ವೀಪದ ಬಳಿ ಬಂಡೆಗೆ ಬಡಿದು ಒಡೆಯಿತು. ಇನ್ನೂರಕ್ಕೂ ಹೆಚ್ಚು ಜನರಲ್ಲಿ ಬದುಕಿದವರು 15 ಮಂದಿ. ವೈದ್ಯನು ನಾಲ್ಕು ತಿಂಗಳು ಕಾಪಾಡಿದ್ದನ್ನು ಕಡಲು ಕೆಲವೇ ಗಂಟೆಗಳಲ್ಲಿ ಕಸಿದುಕೊಂಡಿತು.

1845ರಲ್ಲಿ ಆಲೂಗೆಡ್ಡೆಯ ಬೆಳೆಗೆ ರೋಗ ತಗುಲಿ ಐರ್ಲೆಂಡಿಗೆ ಮಹಾಕ್ಷಾಮ ಬಂದಿತು. ಸೆರೆಮನೆಯಲ್ಲಿಯಾದರೂ ಅನ್ನ ದೊರೆತೀತೆಂದು, ಗಡಿಪಾರಾದರೂ ಸರಿಯೆಂದು, ಬೇಕೆಂದೇ ಬೆಂಕಿಯಿಟ್ಟು ಅಪರಾಧಿಗಳಾದ ಹೆಣ್ಣುಮಕ್ಕಳೂ ಇದ್ದರು. ಅವರು ಡಬ್ಲಿನ್ನಿನ ಗ್ರ್ಯಾಂಜ್‌ಗಾರ್ಮನ್ ಸೆರೆಮನೆಯಲ್ಲಿ ಕೆಲವು ಕಾಲ ಕಳೆದು ಹಡಗೇರುತ್ತಿದ್ದರು. ವ್ಯಾನ್ ಡೀಮನ್ಸ್ ಲ್ಯಾಂಡಿಗೆ, ಎಂದರೆ ಇಂದಿನ ಟಾಸ್ಮೇನಿಯಾಕ್ಕೆ, ಈ ಸಾಗಣೆ 1853ರಲ್ಲಿ ನಿಂತಿತು. ವೈದ್ಯರು ದಿನದಿನವೂ ಬರೆದಿಟ್ಟ ರೋಗಿಗಳ ದಿನಚರಿಗಳು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಉಳಿದಿವೆ.