335 ಜನ ಒತ್ತಿದ ‘ಓಕೆ’

ಇವತ್ತು ಒಂದು ಹಳೇ ಲೆಕ್ಕ ತೆಗೀತೀನಿ.

2013ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕ ಅಲೆಕ್ಸಾಂಡರ್ ಕೋಗನ್ ಫೇಸ್‌ಬುಕ್‌ನಲ್ಲಿ ಒಂದು ಆ್ಯಪ್ ತಂದರು. ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ನಿಮ್ಮ ವ್ಯಕ್ತಿತ್ವ ಎಂಥದ್ದು ಅಂತ ಹೇಳೋ ಆ್ಯಪ್. ಆಗಿನ ಫೇಸ್‌ಬುಕ್ ನಿಯಮದಲ್ಲಿ, ನೀವು ಒಪ್ಪಿದರೆ ನಿಮ್ಮ ಸ್ನೇಹಿತರ ಮಾಹಿತಿಯೂ ಆ್ಯಪ್‌ಗೆ ಸಿಗುತ್ತಿತ್ತು. ಅದರಲ್ಲಿ ಒಂದಷ್ಟು ಕೇಂಬ್ರಿಡ್ಜ್ ಅನಲಿಟಿಕಾ ಎಂಬ ಚುನಾವಣಾ ಸಲಹಾ ಕಂಪನಿಯ ಕೈ ಸೇರಿತು. ಫೇಸ್‌ಬುಕ್‌ಗೆ ಇದು 2015ರಲ್ಲೇ ಗೊತ್ತಾಗಿತ್ತು. ಬಳಕೆದಾರರಿಗೆ ತಿಳಿಸಿದ್ದು 2018ರಲ್ಲಿ, ಪತ್ರಿಕೆಗಳು ಬಯಲಿಗೆಳೆದ ಮೇಲೆ.

ಭಾರತದ ಲೆಕ್ಕ ಕೇಳಿ, ಫೇಸ್‌ಬುಕ್ ತಾನೇ ಕೊಟ್ಟದ್ದು. ಆ್ಯಪ್ ಹಾಕಿಕೊಂಡವರು 335 ಜನ. ಮಾಹಿತಿ ಹೋಗಿರಬಹುದಾದವರು 5,62,455. ಬಿ.ಕಾಂ ಓದಿದವನಲ್ವಾ, ಭಾಗಿಸಿ ನೋಡಿದೆ: ಒಬ್ಬರ ಒಪ್ಪಿಗೆಗೆ ಸರಾಸರಿ 1,600ಕ್ಕೂ ಹೆಚ್ಚು ಜನ!

‘ಓದದೆ ಓಕೆ ಒತ್ತಿದ್ದು ಯಾರ ತಪ್ಪು?’ ಅಂತ ಕೇಳೋರಿದ್ದಾರೆ. ಆದರೆ ಉಳಿದ ಐದೂವರೆ ಲಕ್ಷ ಜನ ಏನನ್ನೂ ಒತ್ತಿರಲೇ ಇಲ್ಲ. ಹಾಗಾಗಿ ಮೊದಲ ತಪ್ಪು ಅಂಥ ನಿಯಮ ಮಾಡಿದವರದ್ದೇ. 2019ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಫೇಸ್‌ಬುಕ್‌ಗೆ 500 ಕೋಟಿ ಡಾಲರ್ ದಂಡ ಹಾಕಿತು.

ಹಾಗಂತ ನಮ್ಮ ಪಾಲು ಇಲ್ಲ ಅಂತಲ್ಲ. ಪಿಯುಸಿಯಲ್ಲಿದ್ದಾಗ ನಾನೂ ಇಂಥ ಕ್ವಿಜ್‌ಗಳಿಗೆಲ್ಲ ಓಕೆ ಒತ್ತಿದವನೇ. ಇವತ್ತೂ ಯಾವುದೋ ಆ್ಯಪ್ ‘ಕಾಂಟ್ಯಾಕ್ಟ್ಸ್ ನೋಡಲಾ?’ ಅಂತ ಕೇಳುತ್ತೆ. ಹೂಂ ಅಂದ್ರೆ ಕೊಡೋದು ನಮ್ಮದೊಂದೇ ನಂಬರಲ್ಲ, ಅಮ್ಮನದ್ದು, ಗೆಳೆಯರದ್ದು. ಅವರನ್ನ ಕೇಳಿದ್ದೀವಾ?